ಒಣಮೆಣಸಿನಕಾಯಿ: ತಳಿ ಗುರುತಿಸುವಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಪರಿಚಿತವಾದ ಬ್ಯಾಡಗಿ, ಗುಂಟೂರು ಎರಡೂ ಕ್ಯಾಪ್ಸಿಕಂ ಆ್ಯನಮ್ ಎಂಬ ಒಂದೇ ಪ್ರಭೇದದವು. ಕೆಂಪು ನೋಡಿ ಖಾರ ಅಳೆಯುವುದು ತಪ್ಪು. ಬಣ್ಣ ಸಿಪ್ಪೆಯ ಕ್ಯಾಪ್ಸಾಂಥಿನ್‌ನಿಂದ ಬರುತ್ತದೆ. ಖಾರ, ಬೀಜ ಅಂಟಿಕೊಂಡ ಬಿಳಿ ತಿರುಳಿನ ಕ್ಯಾಪ್ಸೈಸಿನ್‌ನಿಂದ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿಯಲ್ಲಿ ಬಣ್ಣ ಗಾಢ, ಖಾರ ಕಡಿಮೆ. ಗುಂಟೂರಿನಲ್ಲಿ ಖಾರವೇ ಮುಂದು. ಬ್ಯಾಡಗಿಯಲ್ಲೂ ಎರಡು ಬಗೆ: ಕಡ್ಡಿ ಉದ್ದ, ತೆಳು. ಡಬ್ಬಿ ಗಿಡ್ಡ, ದಪ್ಪ. ಬ್ಯಾಡಗಿ ಸುಕ್ಕುಗಟ್ಟುತ್ತದೆ, ಗುಂಟೂರು ನುಣುಪು, ಅಷ್ಟು ನೋಡಿದರೆ ಸಾಕು ಎನ್ನುವವರಿದ್ದಾರೆ. ಶುದ್ಧ ತಳಿಯ ಮಟ್ಟಿಗೆ ಅದು ಒಪ್ಪತಕ್ಕ ಮಾತೇ. ಪಳಗಿದ ಕಣ್ಣು ಸುಲಭಕ್ಕೆ ತಪ್ಪುವುದಿಲ್ಲ. ಆದರೆ ಮೆಣಸಿನ ಹೂವಿಗೆ ಕೀಟಗಳು ಪಕ್ಕದ ಹೊಲದ ಪರಾಗವನ್ನೂ ತರುತ್ತವೆ. ಅಂಥ ಗಿಡದಿಂದ ಎತ್ತಿಟ್ಟ ಬೀಜದ ಮುಂದಿನ ಬೆಳೆಯಲ್ಲಿ ಸುಕ್ಕು ಒಂದರದು, ಖಾರ ಇನ್ನೊಂದರದು ಆಗಬಹುದು. ಬೀಜದ ಮೂಲ ತಿಳಿಯದ ಕಾಯಿಯ ಖಾರಕ್ಕೆ ಪ್ರಯೋಗಾಲಯದ ಖಾರಾಂಶ ಪರೀಕ್ಷೆಯೇ ನಂಬತಕ್ಕ ಸಾಕ್ಷಿ.