ಮೆಣಸಗಿಯ ಹಿಟ್ಟಿನ ಗಿರಣಿಯಿಂದ ಅಸೂಟಿಯ ಮಠಕ್ಕೆ: ಮುಸ್ಲಿಂ ಮಠಾಧಿಪತಿಯ ಕಥೆ ಏನು ಹೇಳುತ್ತೆ, ಏನು ಹೇಳಲ್ಲ?

ಗದಗ ಜಿಲ್ಲೆ ರೋಣ ತಾಲೂಕಿನ ಮೆಣಸಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮುಸ್ಲಿಂ ವ್ಯಕ್ತಿಯೊಬ್ಬರು 2020ರ ಫೆಬ್ರವರಿಯಲ್ಲಿ ಲಿಂಗಾಯತ ಮಠವೊಂದರ ಅಧಿಪತಿಯಾದರು. ದೇಶದ ದೊಡ್ಡ ಪತ್ರಿಕೆಗಳೆಲ್ಲ ಈ ಸುದ್ದಿ ಬರೆದವು. 'ಸೌಹಾರ್ದಕ್ಕೆ ಸಾಕ್ಷಿ' ಎಂಬ ಶೀರ್ಷಿಕೆ ಕೊಟ್ಟು ಸುಮ್ಮನಾದವು. ಆದರೆ ಅದು ಹೇಗೆ ಸಾಧ್ಯವಾಯಿತು? ಅಂಥ ಒಂದು ಘಟನೆಯಿಂದ ಒಂದು ಸಮುದಾಯದ ನಾಗರಿಕ ಬದುಕು ಎಷ್ಟು ಬದಲಾಗುತ್ತೆ? ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ನಡೆದದ್ದೇನು?

ದಿವಾನ್ ಶರೀಫ್ ಮುಲ್ಲಾ ಅವರಿಗೆ ಆಗ 33 ವರ್ಷ. ಗಿರಣಿ ಕೆಲಸದ ನಡುವೆ ಬಿಡುವು ಸಿಕ್ಕಾಗೆಲ್ಲ ಬಸವಣ್ಣ ಮತ್ತು 12ನೇ ಶತಮಾನದ ಶರಣರ ಬಗ್ಗೆ ಪ್ರವಚನ ಮಾಡುತ್ತಿದ್ದರು. ಅವರ ತಂದೆ ರಹಿಮಾನ್‌ಸಾಬ್ ಮುಲ್ಲಾ, ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ಖಜೂರಿ ಕೋರಣೇಶ್ವರ ಮಠದ ಮುರುಘರಾಜೇಂದ್ರ ಕೋರಣೇಶ್ವರ ಸ್ವಾಮೀಜಿಯ ಪ್ರವಚನ ಕೇಳಿ ಪ್ರಭಾವಿತರಾದವರು. ಪಕ್ಕದ ಅಸೂಟಿಯಲ್ಲಿ ಮಠ ಕಟ್ಟಲು ಎರಡು ಎಕರೆ ಜಮೀನು ದಾನ ಕೊಟ್ಟರು.

ಮಗ 2019ರ ನವೆಂಬರ್ 10ರಂದು ದೀಕ್ಷೆ ಪಡೆದರು. 2020ರ ಫೆಬ್ರವರಿ 26ರಂದು ಅಸೂಟಿಯ ಮುರುಘರಾಜೇಂದ್ರ ಕೋರಣೇಶ್ವರ ಶಾಂತಿಧಾಮ ಮಠದ ಹೊಣೆ ಅವರ ಹೆಗಲಿಗೆ ಬಂತು. ಇನ್ನೊಂದು ವಿಶೇಷ ಅಂದ್ರೆ, ಅವರು ಮದುವೆಯಾಗಿ ಮಕ್ಕಳಿರುವ ಗೃಹಸ್ಥರು. ವಿರಕ್ತರೇ ಪೀಠ ಏರುವುದು ಹೆಚ್ಚಾಗಿರುವ ಕಡೆ ಇದೂ ಸಣ್ಣ ಮಾತಲ್ಲ.

ಲಿಂಗಾಯತ ಪರಂಪರೆಯಲ್ಲಿ ಇದಕ್ಕೆ ಜಾಗ ಇದೆಯಾ?

ತತ್ವದ ಮಟ್ಟಿಗೆ ಖಂಡಿತ ಇದೆ. ಕಲ್ಯಾಣದ ಶರಣರು ಹುಟ್ಟನ್ನು ಅರ್ಹತೆ ಅಂತ ಒಪ್ಪಲಿಲ್ಲ. ಇಷ್ಟಲಿಂಗ ದೀಕ್ಷೆ ಪಡೆದವರೆಲ್ಲ ಸಮಾನರು ಎಂಬುದೇ ಆ ಚಳವಳಿಯ ತಿರುಳು. ಆಚರಣೆಯಲ್ಲಿ ಮಾತ್ರ ಜಾತಿ ಮತ್ತೆ ಒಳಗೆ ನುಸುಳಿತು.

ಈ ಸೀಮೆಗೆ ತನ್ನದೇ ಇತಿಹಾಸವೂ ಇದೆ. ಇದೇ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠ ಹೆಸರಿನಲ್ಲೇ ಎರಡೂ ಪರಂಪರೆ ಹೊತ್ತುಕೊಂಡಿದೆ. ಶಿಶುನಾಳ ಶರೀಫರಿಗೆ (1819–1889) ಗುರುವಾದವರು ಕಳಸದ ಗೋವಿಂದಭಟ್ಟರು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾಗುವವರೆಗೂ ಕೋಮು ಸೌಹಾರ್ದದ ಪರ ಗಟ್ಟಿಯಾಗಿ ನಿಂತರು. ಇನ್ನು ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂನಲ್ಲಿ ಅಲಾಯಿ ಕುಣಿ ತೋಡೋರು, ಹೆಜ್ಜೆ ಹಾಕೋರು, ಹರಕೆ ಹೊತ್ತು ಫಕೀರರಾಗೋರು ಯಾವ ಜಾತಿ, ಯಾವ ಧರ್ಮ ಅಂತ ಕೇಳೋ ರೂಢಿಯೇ ಇರಲಿಲ್ಲ.

ಹಾಗಾದ್ರೆ ಎಲ್ಲ ಕಡೆ ಹೀಗೇ ಆಗುತ್ತಾ?

ಇಲ್ಲ. 2025ರ ಆಗಸ್ಟ್‌ನಲ್ಲಿ ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲೂಕಿನ ಚೌಡಹಳ್ಳಿಯಲ್ಲಿ ನಡೆದದ್ದು ನೋಡಿ. ಅಲ್ಲಿನ ಮಠದಲ್ಲಿದ್ದ ಯುವ ಸ್ವಾಮೀಜಿ ಹುಟ್ಟಿನಿಂದ ಮುಸ್ಲಿಂ ಎಂದು ಗೊತ್ತಾದ ಮೇಲೆ ವಿರೋಧ ಬಂತು, ಅವರು ಮಠ ಬಿಟ್ಟು ಹೋಗಬೇಕಾಯಿತು. ದೀಕ್ಷೆ ಅಲ್ಲೂ ಆಗಿತ್ತು, ತತ್ವ ಅಲ್ಲೂ ಅದೇ.

ವ್ಯತ್ಯಾಸ ಇರೋದು ನೆಲದಲ್ಲಿ. ಅಸೂಟಿಯಲ್ಲಿ ಯಾವುದೂ ಮುಚ್ಚಿಟ್ಟ ವಿಷಯ ಆಗಿರಲಿಲ್ಲ. ಜಮೀನು ಕೊಟ್ಟ ಕುಟುಂಬ ಯಾವುದು ಅಂತ ಜನರಿಗೆ ಗೊತ್ತಿತ್ತು. ಪ್ರವಚನ ಮಾಡುವವರು ಯಾರ ಮಗ ಅನ್ನೋದೂ ಗೊತ್ತಿತ್ತು. ಹಿರಿಯ ಗುರು ಎಲ್ಲರೆದುರು ಜವಾಬ್ದಾರಿ ಹೊತ್ತು ಶಿಷ್ಯನ ಬೆನ್ನಿಗೆ ನಿಂತರು. ಅಂದ್ರೆ ನಂಬಿಕೆ ಅನ್ನೋದು ದಿನವೂ ಮುಖ ನೋಡುವ ಒಡನಾಟದಿಂದ, ಬಹಿರಂಗವಾಗಿ ತೆಗೆದುಕೊಂಡ ತೀರ್ಮಾನದಿಂದ ಬೆಳೀತು. ಬರೀ ಭಾವನೆಯಿಂದ ಅಲ್ಲ.

ನಂತರದ ವರ್ಷಗಳಲ್ಲಿ ಏನಾಯಿತು?

ಅಸೂಟಿಯ ಪಟ್ಟಾಧಿಕಾರಕ್ಕೆ ಎರಡು ವರ್ಷ ತುಂಬುವ ಮೊದಲೇ, 2022ರ ಜನವರಿ 17ರಂದು ಪಕ್ಕದ ತಾಲೂಕು ನರಗುಂದದಲ್ಲಿ ಮುಸ್ಲಿಂ ಯುವಕನೊಬ್ಬನ ಕೊಲೆಯಾಯಿತು, ಜೊತೆಗಿದ್ದ ಇನ್ನೊಬ್ಬ ಗಾಯಗೊಂಡ. ಅದಕ್ಕೂ ಮುಂಚೆ ಪಟ್ಟಣದಲ್ಲಿ ನಡೆದ ಬಜರಂಗದಳದ ಪ್ರತಿಭಟನೆಯಲ್ಲಿ ದ್ವೇಷ ಭಾಷಣ ಮಾಡಲಾಗಿತ್ತು ಎಂದು ಮಾಧ್ಯಮಗಳು ವರದಿ ಮಾಡಿದವು.

ರಾಜ್ಯ ಮಟ್ಟದಲ್ಲೂ ಸಾಲು ಸಾಲು ತೀರ್ಮಾನಗಳು ಬಂದವು. 2022ರ ಫೆಬ್ರವರಿ 5ರಂದು ಸಮವಸ್ತ್ರದ ಆದೇಶ ಹೊರಬಿತ್ತು. ಹಿಜಾಬ್ ನಿರ್ಬಂಧವನ್ನು ಮಾರ್ಚ್ 15ರಂದು ಹೈಕೋರ್ಟ್ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅದೇ ವರ್ಷ ದೇವಸ್ಥಾನದ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬಾರದು ಎಂಬ ಅಭಿಯಾನ ನಡೆಯಿತು. ಸರ್ಕಾರ ಧಾರ್ಮಿಕ ದತ್ತಿ ಕಾಯ್ದೆಯಡಿಯ 2002ರ ನಿಯಮ ತೋರಿಸಿತು. 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರ್ಕಾರ, ಮುಸ್ಲಿಮರಿಗಿದ್ದ ಪ್ರವರ್ಗ 2ಬಿ ಅಡಿಯ ಶೇ 4 ಮೀಸಲಾತಿ ತೆಗೆದು ಒಕ್ಕಲಿಗ ಮತ್ತು ಲಿಂಗಾಯತ ಗುಂಪುಗಳಿಗೆ ತಲಾ ಶೇ 2 ಹಂಚಿತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋದಾಗ, ಸದ್ಯಕ್ಕೆ ಇದನ್ನು ಜಾರಿ ಮಾಡಲ್ಲ ಅಂತ ಸರ್ಕಾರವೇ ಹೇಳಬೇಕಾಯಿತು.

ಮತಾಂತರ ಕಾಯ್ದೆಗೂ ಇದಕ್ಕೂ ಏನು ಸಂಬಂಧ?

2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಪ್ರಕಾರ, ಧರ್ಮ ಬದಲಿಸಲು ಬಯಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೀತಾರೆ. ಸಿದ್ದರಾಮಯ್ಯ ಸರ್ಕಾರದ ಸಂಪುಟ 2023ರ ಜೂನ್‌ನಲ್ಲಿ ಇದನ್ನು ರದ್ದು ಮಾಡಲು ತೀರ್ಮಾನಿಸಿತು.

2019ರಲ್ಲಿ ಶರೀಫರ ದೀಕ್ಷೆ ನಡೆದಾಗ ಇಂಥ ಕಾನೂನು ಇರಲಿಲ್ಲ. ಗುರು ಒಪ್ಪಿದರು, ಶಿಷ್ಯ ಒಪ್ಪಿದರು, ಕೆಲಸ ಮುಗೀತು. ದೀಕ್ಷೆ ಅಂದ್ರೆ ಮತಾಂತರವೇ ಅಲ್ಲವೇ ಅಂತ ಯಾವ ಅಧಿಕಾರಿಯೂ ತೀರ್ಮಾನಿಸಬೇಕಾಗಿ ಬರಲಿಲ್ಲ. ಇಂಥ ಕಾನೂನು ಇದ್ದ ಕಡೆ, ಮೆಣಸಗಿಯ ಗಿರಣಿಯಲ್ಲಿ ಸಹಜವಾಗಿ ಶುರುವಾದ ಹುಡುಕಾಟವೂ ಕಚೇರಿಯ ಕಡತವಾಗಿಬಿಡಬಹುದು.

'ಒಳ್ಳೆ ಮುಸ್ಲಿಂ' ಪರೀಕ್ಷೆ ಎಲ್ಲೆಲ್ಲಿ?

ಇದು ನಮ್ಮಲ್ಲಷ್ಟೇ ಇರೋದಲ್ಲ. ಸಾದಿಕ್ ಖಾನ್ 2016ರಲ್ಲಿ ಲಂಡನ್ ಮೇಯರ್ ಆಗುವ ಮುನ್ನ ಎದುರಾಳಿಗಳ ಪ್ರಚಾರ ಅವರನ್ನು ಉಗ್ರವಾದಿಗಳ ಜೊತೆ ತಳುಕು ಹಾಕಿತ್ತು. 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮೇಯರ್ ಆಗಿ ಗೆದ್ದ ಜೊಹ್ರಾನ್ ಮಮ್ದಾನಿ ಕೂಡ ಧರ್ಮದ ಕಾರಣಕ್ಕೆ ನಿಂದನೆ ಎದುರಿಸಿದರು. ಬಾಡಿಗೆ, ಬಸ್ಸು, ಮನೆ ಅಂತ ಎಲ್ಲರ ಸಮಸ್ಯೆ ಮಾತಾಡಿದರೂ 'ನಿಮ್ಮ ನಿಷ್ಠೆ ಯಾರಿಗೆ?' ಎಂಬ ಪ್ರಶ್ನೆ ಬೆನ್ನು ಬಿಡಲ್ಲ.

ಕರ್ನಾಟಕದ ಲೆಕ್ಕ ನೋಡಿ. 2011ರ ಜನಗಣತಿಯಂತೆ ರಾಜ್ಯದಲ್ಲಿ ಮುಸ್ಲಿಮರು ಸುಮಾರು ಶೇ 12.9. ಆದರೆ 2023ರ ಚುನಾವಣೆಯಲ್ಲಿ 224 ಕ್ಷೇತ್ರಗಳಲ್ಲಿ ಗೆದ್ದವರು 9 ಮಂದಿ, ಅಂದ್ರೆ ಶೇ 4ರಷ್ಟು. ಅದೇ ಮೇ ತಿಂಗಳಲ್ಲಿ ಯು.ಟಿ. ಖಾದರ್ ರಾಜ್ಯ ವಿಧಾನಸಭೆಯ ಮೊದಲ ಮುಸ್ಲಿಂ ಸ್ಪೀಕರ್ ಆದರು. ಶಿಶುನಾಳ ಇರುವ ಶಿಗ್ಗಾವಿ ಕ್ಷೇತ್ರದಿಂದ 2024ರ ಉಪಚುನಾವಣೆಯಲ್ಲಿ ಯಾಸೀರ್ ಅಹ್ಮದ್ ಖಾನ್ ಪಠಾಣ್ ಗೆದ್ದರು.

ಹಾಗಾದ್ರೆ ಈ ಕಥೆಯಿಂದ ಏನು ತಿಳ್ಕೋಬೇಕು?

ಅಸೂಟಿಯ ಘಟನೆ ನಿಜ, ಹೆಮ್ಮೆಪಡುವಂಥದ್ದು. ಆದರೆ ಅದನ್ನು ಅಳತೆಗೋಲು ಮಾಡ್ಕೊಂಡ್ರೆ ಅಪಾಯ ಇದೆ. ಬಸವಣ್ಣನನ್ನು ಒಪ್ಪಿಕೊಂಡ ಮುಸ್ಲಿಮನಿಗೆ ಮಾತ್ರ ಆದರ ಅನ್ನೋದಾದ್ರೆ, ಮಸೀದಿಗೆ ಹೋಗಿ ನಮಾಜ್ ಮಾಡಿ, ಜಾತ್ರೆಯಲ್ಲಿ ಬಳೆ ಅಂಗಡಿ ಹಾಕಿ, ಮಗಳನ್ನು ಹಿಜಾಬಿನಲ್ಲೇ ಕಾಲೇಜಿಗೆ ಕಳಿಸುವವನ ಗತಿ ಏನು? ಅವನು ಯಾವ ಮಠಕ್ಕೂ ಜಮೀನು ಕೊಡಬೇಕಿಲ್ಲ, ಯಾವ ವಚನವನ್ನೂ ಬಾಯಿಪಾಠ ಹೇಳಿ ತೋರಿಸಬೇಕಿಲ್ಲ. ಅವನ ಹಕ್ಕು ಸಂವಿಧಾನದಿಂದ ಬಂದದ್ದು.

2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಆ ಘೋಷಣೆಗೆ ಅರ್ಥ ಬರಬೇಕಾದರೆ, ಗಿರಣಿಯಲ್ಲಿ ಹಿಟ್ಟು ಬೀಸುವವನು ಸ್ವಾಮೀಜಿ ಆಗದೆಯೂ ಊರಿನಲ್ಲಿ ತಲೆ ಎತ್ತಿ ಬದುಕುವಂತಿರಬೇಕು.