ಗೋಡೆಯೊಳಗಿನ ಹಿಡಿತ

ಇಟ್ಟಿಗೆಯಿಂದಲೋ ಕಲ್ಲಿನಿಂದಲೋ ಕಟ್ಟಿದ ಗೋಡೆಯು ತನ್ನ ನೆತ್ತಿಯ ಮೇಲೆ ಬಿದ್ದ ಮಾಳಿಗೆಯ ಭಾರವನ್ನು ತಲೆಮಾರುಗಳ ಕಾಲ ನಿಶ್ಚಲವಾಗಿ ಹೊರಬಲ್ಲುದು. ಆದರೆ ಅದೇ ಗೋಡೆಯ ಮುಖಕ್ಕೆ ಮೊಳೆಯೊಂದನ್ನು ಹೊಡೆದು ತೂಕವಾದ ವಸ್ತುವನ್ನು ತೂಗಹಾಕಿದೆವಾದರೆ ಗಾರೆ ಬಿರಿದು, ಇಟ್ಟಿಗೆಯ ಚೂರು ಉದುರಿ, ಕೆಲವು ದಿನಗಳಲ್ಲಿಯೇ ಮೊಳೆಯು ವಸ್ತುಸಮೇತ ಕಳಚಿ ಬೀಳುವುದನ್ನು ಗೃಹಸ್ಥರೆಲ್ಲರೂ ಬಲ್ಲರು. ಮರದ ನಾರು ಮೊಳೆಗೆ ಎಡೆಗೊಟ್ಟು ಸರಿದು, ಮರುಕ್ಷಣವೇ ಅದನ್ನು ಸುತ್ತಲಿಂದ ಒತ್ತಿ ಹಿಡಿಯುತ್ತದೆ. ಇಟ್ಟಿಗೆಗೆ ಆ ಗುಣವಿಲ್ಲ. ಒತ್ತಡವನ್ನು ಅಪಾರವಾಗಿ ಸಹಿಸುವ ಇಟ್ಟಿಗೆಯು ಸೆಳೆತವನ್ನು ಮಾತ್ರ ಸಹಿಸಲಾರದು. ಈ ದೌರ್ಬಲ್ಯವನ್ನು ಅರಿತು, ಗೋಡೆಯ ಒತ್ತಡಸಹಿಷ್ಣುತೆಯನ್ನೇ ಹಿಡಿತವನ್ನಾಗಿ ಮಾರ್ಪಡಿಸಿಕೊಂಡ ಕಥೆಯು ದೀರ್ಘವಾದುದು. ಅದರ ನಾಯಕನು ಕಬ್ಬಿಣವಲ್ಲ, ಕಬ್ಬಿಣಕ್ಕೂ ಕಲ್ಲಿಗೂ ನಡುವೆ ಸೇರಿಸಿದ ಒಂದು ಮೃದುವಾದ ಪದಾರ್ಥ.

ನಮ್ಮ ಪೂರ್ವಿಕರು ಈ ಸಮಸ್ಯೆಯನ್ನು ಬಿಡಿಸಲಿಲ್ಲ. ಅದು ಏಳದಂತೆಯೇ ಮನೆಯನ್ನು ಕಟ್ಟಿದರು. ಹಳೆಯ ಮನೆಗಳಲ್ಲಿ ಅಂಗವಸ್ತ್ರವನ್ನೋ ಚೀಲವನ್ನೋ ತಗುಲಿಹಾಕುವ ಗಿಳಿಗೂಟಗಳು ಮಣ್ಣಿನ ಗೋಡೆ ಏಳುತ್ತಿರುವಾಗಲೇ ಅದರ ಒಡಲಿನಲ್ಲಿ ಆಳವಾಗಿ ಹೂತುಹೋಗಿರುತ್ತಿದ್ದುವು. ಹೊರಗೆ ಕಾಣುವ ಗಿಳಿಯ ಕೊಕ್ಕು ಗೇಣುದ್ದವಾದರೆ ಒಳಗಿನ ಬಾಲವು ಅದಕ್ಕಿಂತ ಉದ್ದವಾಗಿರುವುದುಂಟು. ದೀಪಕ್ಕೆ ಗೋಡೆಯಲ್ಲಿಯೇ ಗೂಡು, ಪಾತ್ರೆಪದಾರ್ಥಗಳಿಗೆ ಗೋಡೆಗೆ ಸೇರಿಸಿ ಕಟ್ಟಿದ ನಾಗಂದಿಗೆ, ಹೆಬ್ಬಾಗಿಲಿನ ಅಗುಳಿ ಹಿಂದಕ್ಕೆ ಸರಿಯಲು ಗೋಡೆ ಕಟ್ಟುವಾಗಲೇ ಬಿಟ್ಟ ಪೊಳ್ಳು. ಇನ್ನು ನಿಜವಾಗಿ ಭಾರವೆನ್ನಿಸಿಕೊಂಡ ಉಯ್ಯಾಲೆಯಾಗಲಿ ತೊಟ್ಟಿಲಾಗಲಿ ಗೋಡೆಯ ಗೊಡವೆಗೇ ಹೋಗದೆ ತೊಲೆಯ ಕೊಂಡಿಯಿಂದ ಇಳಿದು ನಿಂತಿದ್ದಿತು. ಏನು ಎಲ್ಲಿ ತೂಗಬೇಕೆಂಬುದನ್ನು ಮನೆ ಕಟ್ಟುವ ಮೊದಲೇ ನಿಶ್ಚಯಿಸಿದ್ದ ಆ ವ್ಯವಸ್ಥೆಯಲ್ಲಿ ಒಂದು ಗಾಂಭೀರ್ಯವುಂಟೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಕಟ್ಟಿ ಮುಗಿದ ಗೋಡೆಗೆ ಹೊಸದನ್ನು ಬಿಗಿಯಬೇಕಾಗಿ ಬಂದಾಗ ಆ ವ್ಯವಸ್ಥೆಯು ಯಾವ ಸಹಾಯವನ್ನೂ ಮಾಡಲಾರದು.

ಕಲ್ಲನ್ನು ಕಬ್ಬಿಣದಿಂದ ಬಂಧಿಸುವ ವಿದ್ಯೆಯಲ್ಲಿ ಪ್ರಾಚೀನ ಗ್ರೀಕರು ಅಸಾಧಾರಣ ಪರಿಣತಿಯನ್ನು ಪಡೆದಿದ್ದರು. ಕ್ರಿಸ್ತಪೂರ್ವ 447ರಲ್ಲಿ ಅಥೆನ್ಸಿನಲ್ಲಿ ಆರಂಭವಾದ ಪಾರ್ಥೆನಾನ್ ದೇಗುಲದ ಅಮೃತಶಿಲೆಗಳನ್ನು ಒಂದಕ್ಕೊಂದು ಸೇರಿಸಲು ಅವರು ಕಬ್ಬಿಣದ ಪಟ್ಟಿಗಳನ್ನು ಬಳಸಿದರಷ್ಟೆ ಅಲ್ಲದೆ, ಪಟ್ಟಿಯು ಕುಳಿತ ಕುಳಿಯೊಳಗೆ ಕರಗಿದ ಸೀಸವನ್ನು ಹೊಯ್ದು ಕಬ್ಬಿಣವನ್ನು ಎಲ್ಲ ಕಡೆಗಳಿಂದಲೂ ಮುಚ್ಚಿದರು. ಸೀಸವು ನೀರು ಗಾಳಿಗಳನ್ನು ತಡೆಯಿತು. ಕಬ್ಬಿಣವು ಕದಲಿದರೂ ಕಲ್ಲಿಗೆ ಪೆಟ್ಟಾಗದಂತೆ ತಾನು ನಲುಗಿತು. ಈ ವಿವೇಕದ ಬೆಲೆ ಎಷ್ಟೆಂಬುದು ಸುಮಾರು ಇಪ್ಪತ್ತಮೂರು ಶತಮಾನಗಳ ಅನಂತರ ವಿಶದವಾಯಿತು. 1898ರಿಂದ ಮೊದಲುಗೊಂಡು ಮೂರು ದಶಕಗಳಿಗೂ ಮೀರಿ ಅಕ್ರೊಪೊಲಿಸಿನ ಜೀರ್ಣೋದ್ಧಾರವನ್ನು ನಡೆಸಿದ ನಿಕೊಲಾಸ್ ಬಲಾನೋಸ್ ಎಂಬ ಎಂಜಿನಿಯರು ಸೀಸದ ಕವಚವಿಲ್ಲದ ಕಬ್ಬಿಣವನ್ನು ಯಥೇಚ್ಛವಾಗಿ ಉಪಯೋಗಿಸಿದನು. ಆ ಕಬ್ಬಿಣವು ತುಕ್ಕು ಹಿಡಿಯಿತು. ತುಕ್ಕು ಹಿಡಿದ ಕಬ್ಬಿಣವು ಉಬ್ಬಿತು. ಉಬ್ಬಿದ ಕಬ್ಬಿಣವು ರಕ್ಷಿಸಬೇಕಾಗಿದ್ದ ಅಮೃತಶಿಲೆಯನ್ನೇ ಒಳಗಿನಿಂದ ಸೀಳಿತು. 1975ರ ಅನಂತರ ನಡೆದ ಜೀರ್ಣೋದ್ಧಾರದಲ್ಲಿ ಆ ಕಬ್ಬಿಣವನ್ನೆಲ್ಲ ಕಿತ್ತು ತೆಗೆದು ಟೈಟೇನಿಯಂ ಲೋಹವನ್ನು ಕೂಡಿಸಬೇಕಾಗಿ ಬಂದಿತು. ಬಚ್ಚಲುಮನೆಯ ತೇವದ ಗೋಡೆಗೆ ತುಕ್ಕು ಹಿಡಿಯುವ ಅಗ್ಗದ ಮೊಳೆಯನ್ನು ಬಿಗಿಸುವವರು ಈ ಪ್ರಸಂಗವನ್ನು ನೆನೆಯುವುದು ಒಳ್ಳೆಯದು.

ಇಟ್ಟಿಗೆಯ ಮನೆಗಳ ಯೂರೋಪಿನಲ್ಲಿ ಬಡಗಿಗಳು ಅನುಸರಿಸುತ್ತಿದ್ದ ಕ್ರಮ ಬೇರೆ. ಗೋಡೆಯಲ್ಲಿ ಉಳಿಯಿಂದ ದೊಡ್ಡದೊಂದು ಕುಳಿಯನ್ನು ತೋಡಿ, ಮರದ ಬೆಣೆಯನ್ನು ಅದರೊಳಗೆ ಬಡಿದು, ಬೆಣೆಯೊಳಗೆ ತಿರುಪುಮೊಳೆಯನ್ನು ಇಳಿಸುವರು. ಮೊಳೆಗೆ ಬೇಕಾದುದು ಕಿರುಬೆರಳಿನಷ್ಟು ಎಡೆಯಾದರೂ ಕುಳಿಯು ಅದರ ಹಲವು ಮಡಿಯಾಗುತ್ತಿದ್ದಿತು. ಸುತ್ತಣ ಗಾರೆ ಕಿತ್ತುಬರುತ್ತಿದ್ದಿತು. ವರ್ಷಗಳು ಕಳೆದಂತೆ ಮರವು ಒಣಗಿ ಕುಗ್ಗಿ, ಬೆಣೆಯೇ ಸಡಿಲವಾಗುತ್ತಿದ್ದಿತು. ಗೆದ್ದಲಿನ ನಾಡಾದ ನಮ್ಮಲ್ಲಿ ಅದರ ಗತಿ ಇನ್ನೂ ಶೋಚನೀಯ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿದ್ಯುದ್ದೀಪಗಳು ಹಳೆಯ ಕಟ್ಟಡಗಳನ್ನು ಪ್ರವೇಶಿಸತೊಡಗಿದಾಗ ಈ ಕ್ರಮವು ಅಸಹ್ಯವಾಗಿ ತೋರಿತು. 1910ರ ಸುಮಾರಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳಿಗೆ ವಿದ್ಯುತ್ ಉಪಕರಣಗಳನ್ನು ಜೋಡಿಸುವ ಕೆಲಸವು ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರನಿಗೆ ಬಂದಿತು. ಗೋಡೆಗೆ ಹಾನಿಯಾಗಕೂಡದು, ಜೋಡಣೆಯು ಕಣ್ಣಿಗೆ ಎದ್ದು ಕಾಣಕೂಡದು ಎಂಬುದು ಕೆಲಸ ಒಪ್ಪಿಸಿದವರ ಅಪೇಕ್ಷೆ. ರಾಲಿಂಗ್ಸನು ಸೆಣಬಿನ ನಾರನ್ನು ಪ್ರಾಣಿಯ ರಕ್ತದಿಂದಲೋ ಅಂಟಿನಿಂದಲೋ ಗಟ್ಟಿಗೊಳಿಸಿ, ಸಣ್ಣ ಕೊಳವೆಯ ಆಕಾರಕ್ಕೆ ತಂದು, ಅದಕ್ಕೆ ಸರಿಯಾದ ಕಿರಿದಾದ ರಂಧ್ರದೊಳಗೆ ಕೂಡಿಸಿದನು. ತಿರುಪುಮೊಳೆಯು ಅದರ ನಡುವೆ ಇಳಿದಂತೆಲ್ಲ ನಾರು ಹೊರಮುಖವಾಗಿ ಹಿಗ್ಗಿ ರಂಧ್ರದ ಒಡಲನ್ನು ಒತ್ತುತ್ತದೆ. ಒತ್ತಡದಿಂದ ಘರ್ಷಣೆ, ಘರ್ಷಣೆಯಿಂದ ಹಿಡಿತ. ಗೋಡೆಯನ್ನು ನೋಯಿಸದಿರಬೇಕೆಂಬ ಕಾಳಜಿಯೇ ಹಿಂದಿನ ಕ್ರಮಕ್ಕಿಂತ ಬಲವಾದ ಹಿಡಿತವನ್ನು ಹುಟ್ಟಿಸಿತೆಂಬುದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಂಶ. 1911ರಲ್ಲಿ ಅವನು ಪೇಟೆಂಟಿಗೆ ಅರ್ಜಿಯನ್ನು ಸಲ್ಲಿಸಿದನು. 1913ರಲ್ಲಿ ಅದು ದೊರೆಯಿತು. ಅಂದು ಜಗತ್ತಿನ ಸೆಣಬು ಬಹುಮಟ್ಟಿಗೆ ಬಂಗಾಳದ ಗದ್ದೆಗಳಲ್ಲಿ ಬೆಳೆಯುತ್ತಿದ್ದಿತಾದ್ದರಿಂದ, ಲಂಡನ್ನಿನ ಗೋಡೆಗಳೊಳಗೆ ಹುದುಗಿದ ಆ ಹಿಡಿತದಲ್ಲಿ ನಮ್ಮ ನಾಡಿನ ರೈತನ ಶ್ರಮವೂ ಸೇರಿದ್ದಿತೆಂದು ಹೇಳುವುದು ಅತಿಶಯೋಕ್ತಿಯಾಗಲಾರದು.

ಆಗ ರಂಧ್ರವನ್ನು ಕೊರೆಯುತ್ತಿದ್ದ ಬಗೆಯನ್ನು ಇಂದಿನವರು ಅರಿಯರು. ತುದಿಯಲ್ಲಿ ಹರಿತವಾದ ಉಕ್ಕಿನ ಕಡ್ಡಿಯನ್ನು ಎಡಗೈಯಲ್ಲಿ ಗೋಡೆಗೆ ನೇರವಾಗಿ ಹಿಡಿದು, ಬಲಗೈಯ ಸುತ್ತಿಗೆಯಿಂದ ಹಗುರವಾಗಿ ಒಂದು ಪೆಟ್ಟು. ಕಡ್ಡಿಯನ್ನು ಬೆರಳುಗಳಿಂದ ಅಷ್ಟಿಷ್ಟು ತಿರುಗಿಸಿ ಇನ್ನೊಂದು ಪೆಟ್ಟು. ಮತ್ತೆ ತಿರುವು, ಮತ್ತೆ ಪೆಟ್ಟು. ಆತುರಪಟ್ಟು ಬಲವಾಗಿ ಹೊಡೆದರೆ ಇಟ್ಟಿಗೆ ಸೀಳುವುದು. ತಿರುಗಿಸಲು ಮರೆತರೆ ಕಡ್ಡಿಯು ಸಿಕ್ಕಿಕೊಳ್ಳುವುದು. ಆಗಾಗ ಕಡ್ಡಿಯನ್ನು ಹೊರತೆಗೆದು, ರಂಧ್ರದಲ್ಲಿ ನೆರೆದ ಕೆಂಪು ಹುಡಿಯನ್ನು ಊದಿ ಚೊಕ್ಕಟಗೊಳಿಸಬೇಕು. ಯಂತ್ರಗಳೇನೋ ಇದ್ದುವು: ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆಯು 1895ರಲ್ಲಿಯೇ ಕೈಯಲ್ಲಿ ಹಿಡಿಯತಕ್ಕ ವಿದ್ಯುತ್ ಬೈರಿಗೆಯನ್ನು ನಿರ್ಮಿಸಿದ್ದಿತು, 1932ರಲ್ಲಿ ಬಾಷ್ ಸಂಸ್ಥೆಯು ಪೆಟ್ಟನ್ನೂ ತಿರುವನ್ನೂ ಒಂದುಗೂಡಿಸಿದ ಯಂತ್ರವನ್ನು ಹೊರತಂದಿತು. ಆದರೆ ಅವು ಸಾಮಾನ್ಯ ಕೆಲಸಗಾರನ ಕೈಗೆ ಎಟುಕುವುದಕ್ಕೆ ಬಹುಕಾಲ ಹಿಡಿಯಿತು.

ಸೆಣಬಿನ ಸ್ಥಾನಕ್ಕೆ ನೈಲಾನನ್ನು ತಂದು ಈ ಉಪಾಯವನ್ನು ಮನೆಮನೆಗೂ ಮುಟ್ಟಿಸಿದ ಕೀರ್ತಿಯು ಜರ್ಮನಿಯ ಆರ್ಟುರ್ ಫಿಷರನಿಗೆ ಸಲ್ಲತಕ್ಕದ್ದು. 1919ರಲ್ಲಿ ಟುಮ್ಲಿಂಗೆನ್ ಎಂಬ ಹಳ್ಳಿಯಲ್ಲಿ ದರ್ಜಿಯ ಮಗನಾಗಿ ಹುಟ್ಟಿ, ಬೀಗದ ಕೆಲಸವನ್ನು ಕಲಿತ ಇವನು 1958ರಲ್ಲಿ ಬೂದುಬಣ್ಣದ ನೈಲಾನ್ ಕೊಳವೆಯನ್ನು ರೂಪಿಸಿದನು. ನಡುವೆ ಸೀಳಿದ ಅದರ ದೇಹವು ಮೊಳೆಯ ಪ್ರವೇಶದೊಡನೆ ಇಬ್ಬಾಗವಾಗಿ ಅರಳುತ್ತದೆ; ಮೈಮೇಲಣ ಹಲ್ಲುಗಳು ಜಾರದಂತೆಯೂ, ಪಕ್ಕದ ನಾಲಗೆಗಳು ಮೊಳೆಯೊಡನೆ ಕೊಳವೆಯೂ ತಿರುಗದಂತೆಯೂ ತಡೆಯುತ್ತವೆ. ಒಂದು ಸಾವಿರದ ನೂರಕ್ಕೂ ಮಿಕ್ಕ ಆವಿಷ್ಕಾರಗಳಿಗೆ ಹಕ್ಕನ್ನು ಪಡೆದು 2016ರಲ್ಲಿ ತೀರಿಕೊಂಡ ಫಿಷರನನ್ನು ಜಗತ್ತು ನೆನೆಯುವುದು ಮುಖ್ಯವಾಗಿ ಈ ಪುಟ್ಟ ವಸ್ತುವಿನಿಂದ. ಭಾರ ಇನ್ನೂ ಹೆಚ್ಚಾದ ಕಡೆಗಳಲ್ಲಿ ಉಕ್ಕಿನ ತೋಳು ಬಿಚ್ಚಿಕೊಳ್ಳುವ ಬೋಲ್ಟುಗಳೂ, ರಂಧ್ರದೊಳಗೆ ಗಟ್ಟಿಯಾಗುವ ರಾಳಗಳೂ ಬಳಕೆಗೆ ಬಂದುವು.

ನಮ್ಮ ಊರುಗಳ ವಿದ್ಯುತ್ ಕೆಲಸಗಾರರು ಈ ಕೊಳವೆಯನ್ನು ಇಂದಿಗೂ ರಾಲಿಂಗ್ಸನ ಹೆಸರು ಹೊತ್ತ ರಾಲ್ ಪ್ಲಗ್ ಎಂದೇ ಕೇಳಿ ಕೊಳ್ಳುತ್ತಾರೆ. ಆದರೆ ಗೋಡೆ ಗೋಡೆಗೂ ಭೇದವುಂಟೆಂಬುದನ್ನು ಎಲ್ಲರೂ ಗಮನಿಸರು. ಸುಟ್ಟ ಇಟ್ಟಿಗೆಯು ಹಿಡಿದಂತೆ ಕರಾವಳಿಯ ಸಚ್ಛಿದ್ರವಾದ ಮುರಕಲ್ಲು ಹಿಡಿಯದು. ಹೊಸ ಮನೆಗಳ ಪೊಳ್ಳು ಇಟ್ಟಿಗೆಯಲ್ಲಿ ಸಾಮಾನ್ಯ ಪ್ಲಗ್ಗು ಶೂನ್ಯವನ್ನು ಒತ್ತುತ್ತ ನಿಲ್ಲುವುದು. ಹಳೆಯ ಮಣ್ಣಿನ ಗೋಡೆಯಂತೂ ಒಳಗಿನಿಂದ ಹಿಗ್ಗುವ ಯಾವುದನ್ನೂ ಒಲ್ಲದು. ಗೋಡೆಗೆ ಬಿಗಿಸುವ 25 ಲೀಟರಿನ ಬಿಸಿನೀರ ಪಾತ್ರೆಯಲ್ಲಿ ನೀರೇ 25 ಕಿಲೋಗ್ರಾಂ ತೂಗುತ್ತದೆ. ಪಾತ್ರೆಯ ತೂಕ ಅದಕ್ಕೆ ಸೇರಬೇಕು, ಅದರ ಕೆಳಗೆ ಮನೆಯ ಮಕ್ಕಳು ಸ್ನಾನಕ್ಕೆ ಕುಳಿತಿರುತ್ತಾರೆ. ಆದುದರಿಂದ ಅಂತಹ ವಸ್ತುವನ್ನು ಗೋಡೆಗೆ ಏರಿಸುವ ದಿನ ಮನೆಯ ಯಜಮಾನರು ಕೆಲಸಗಾರನ ಪಕ್ಕದಲ್ಲಿಯೇ ನಿಂತು, ರಂಧ್ರವು ಇಟ್ಟಿಗೆಗಳ ಸಂದಿನಲ್ಲಿ ಬೀಳದೆ ಇಟ್ಟಿಗೆಯ ನಡುವೆ ಬಿದ್ದಿತೆ, ಮುಕ್ಕಾಲು ಅಂಗುಲದ ಗಾರೆಯನ್ನು ದಾಟಿ ಆಳಕ್ಕೆ ಇಳಿಯಿತೆ, ಅದರೊಳಗಿನ ಹುಡಿಯನ್ನು ಪೂರ್ತಿಯಾಗಿ ಊದಿ ತೆಗೆದನೆ ಎಂಬುದನ್ನು ನೋಡಿಕೊಳ್ಳಬೇಕೆಂದು ಬೇಡುತ್ತೇನೆ. ಗೋಡೆಯು ಮಣ್ಣಿನದಾಗಿದ್ದರೆ ಅದನ್ನು ಕೊರೆಯುವುದನ್ನೇ ಬಿಟ್ಟು, ನೆಲದಿಂದ ಎದ್ದ ಕಂಬಕ್ಕೆ ಭಾರವನ್ನು ಒಪ್ಪಿಸಬೇಕು.