ಕಾರ್ಡಿನ ಮೇಲಿರೋ 'ಓ' ಎಷ್ಟು ನಿಜ? ಪರೇಲ್‌ನಿಂದ ಕೋಲಾರದವರೆಗೆ ಒಂದು ರಕ್ತದ ಕಥೆ

ಬದಲಾಪುರ, ಕಲ್ಯಾಣ, ಡೊಂಬಿವಲಿ ಕಡೆ ಇರೋ ನಮ್ಮ ಕನ್ನಡ ಬಂಧುಗಳಿಗೆ ಇವತ್ತು ನಮ್ಮ ಸೆಂಟ್ರಲ್ ಲೈನಿನದೇ ಒಂದು ಇತಿಹಾಸ ಹೇಳ್ತೀನಿ.

ಬೆಳಗ್ಗೆ ಆಫೀಸಿನ ಐಡಿ ಕಾರ್ಡ್ ಕೊರಳಿಗೆ ಹಾಕ್ಕೊಂಡು ಲೋಕಲ್ ಹತ್ತುತ್ತೀವಲ್ಲ, ಆ ಕಾರ್ಡಿನ ಹಿಂದೆ ಬ್ಲಡ್ ಗ್ರೂಪ್ ಅಂತ ಬರೆದಿರುತ್ತೆ. 'ಓ ಪಾಸಿಟಿವ್' ಅಂತಿದ್ರೆ ನಮಗೆ ಧೈರ್ಯ. ಓ ರಕ್ತ ಎಲ್ಲ ಕಡೆ ಸಿಗುತ್ತೆ, ಚಿಂತೆ ಯಾಕೆ ಅಂತ. ಆ ಧೈರ್ಯ ಎಲ್ಲರ ವಿಷಯದಲ್ಲೂ ಸರಿಯಲ್ಲ ಅಂತ ಮೊದಲು ಗೊತ್ತಾಗಿದ್ದು ನಮ್ಮ ಪರೇಲ್‌ನಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆ ಅಂತ ತೋರಿಸಿದರು. ಅದಕ್ಕೆ 1930ರಲ್ಲಿ ನೊಬೆಲ್ ಬಂತು. 1940ರಲ್ಲಿ ಆರ್‌ಎಚ್ ಸೇರಿತು. ಎ, ಬಿ, ಎಬಿ, ಓ, ಜೊತೆಗೆ ಪಾಸಿಟಿವ್ ಅಥವಾ ನೆಗೆಟಿವ್. ದಿನನಿತ್ಯದ ಕೆಲಸಕ್ಕೆ ಇಷ್ಟು ಸಾಕು ಅನ್ನೋ ಭಾವನೆ ಬಂದಿತ್ತು.

ಆಮೇಲೆ ಬಂತು 1952. ಪರೇಲ್‌ನ ಕೆಇಎಂ ಆಸ್ಪತ್ರೆ ಮತ್ತು ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಅವರ ಸಹೋದ್ಯೋಗಿಗಳಾದ ದೇಶಪಾಂಡೆ, ಭಾಟಿಯಾ ಅವರ ಮುಂದೆ ವಿಚಿತ್ರವಾದ ರಕ್ತ ಬಂದು ನಿಂತಿತು. ಸಾಮಾನ್ಯ ಪರೀಕ್ಷೆ ಮಾಡಿದ್ರೆ 'ಓ' ಅನ್ನುತ್ತೆ. ಆದ್ರೆ ಓ ರಕ್ತದ ಜೊತೆ ಕ್ರಾಸ್ ಮ್ಯಾಚ್ ಮಾಡಿದ್ರೆ ಗಂಟುಗಟ್ಟುತ್ತೆ. ಪರೀಕ್ಷೆಯಲ್ಲೇ ಏನೋ ತಪ್ಪಾಗಿರಬೇಕು ಅಂದು ಟ್ಯೂಬ್ ಚೆಲ್ಲಿಬಿಡಬಹುದಿತ್ತು. ಅವರು ಚೆಲ್ಲಲಿಲ್ಲ. ಲಂಡನ್ನಿನ ರೇಸ್, ಸ್ಯಾಂಗರ್, ಮಾರ್ಗನ್, ವಾಟ್ಕಿನ್ಸ್ ಅವರೊಂದಿಗೆ ಸೇರಿ, 3 ಜನರಲ್ಲಿ ಕಂಡ ಈ ಹೊಸ ಗುಣವನ್ನು ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇವತ್ತು ಜಗತ್ತು ಅದನ್ನು 'ಬಾಂಬೆ ಬ್ಲಡ್ ಗ್ರೂಪ್' ಅನ್ನುತ್ತೆ. ಊರಿನ ಹೆಸರು ಮುಂಬಯಿ ಆದರೂ ರಕ್ತದ ಹೆಸರು ಬಾಂಬೆಯಾಗಿಯೇ ಉಳಿದಿದೆ.

ಇದರ ಒಳಗುಟ್ಟು ಏನು? ನಮ್ಮ ಸಾಫ್ಟ್‌ವೇರ್ ಮಂದಿಗೆ ಬೇಗ ಅರ್ಥ ಆಗುತ್ತೆ. ಕೆಂಪು ರಕ್ತಕಣದ ಮೇಲೆ 'ಎಚ್' ಅನ್ನೋ ಒಂದು ತಳಹದಿ ಇರುತ್ತೆ. ಅದರ ಮೇಲೆ ಒಂದು ಬಗೆಯ ಸಕ್ಕರೆ ಕೂತರೆ ಎ, ಇನ್ನೊಂದು ಬಗೆ ಕೂತರೆ ಬಿ, ಏನೂ ಕೂರದಿದ್ರೆ ಓ. ಅಂದ್ರೆ ಓ ರಕ್ತದಲ್ಲಿ ಬರೀ ತಳಹದಿ ಇರುತ್ತೆ. ಬಾಂಬೆ ಗುಂಪಿನವರಲ್ಲಿ ಆ ತಳಹದಿಯೇ ಇಲ್ಲ. ಬೇಸ್ ಪ್ಯಾಕೇಜೇ ಇನ್‌ಸ್ಟಾಲ್ ಆಗಿಲ್ಲ, ಇನ್ನು ಎ, ಬಿ ಎಲ್ಲಿಂದ ಬರಬೇಕು? ಎಚ್ ಅನ್ನು ಅವರ ದೇಹ ಪರಕೀಯ ಅಂತಲೇ ನೋಡುತ್ತೆ. ಸಾಮಾನ್ಯ ಓ ರಕ್ತ ಏರಿಸಿದ್ರೆ ಆ ಕಣಗಳನ್ನೆಲ್ಲ ಒಡೆದುಹಾಕುತ್ತೆ. ಕಿಡ್ನಿ ಕೈಕೊಡಬಹುದು, ಜೀವ ಹೋಗಬಹುದು. ಅವರಿಗೆ ಬಾಂಬೆ ರಕ್ತವೇ ಆಗಬೇಕು.

ಎಚ್ ಕಟ್ಟೋ ಜೀನಿನ ಹೆಸರು ಎಫ್‌ಯುಟಿ1. ನಮ್ಮ ದೇಶದ ಬಾಂಬೆ ಗುಂಪಿನವರಲ್ಲಿ ಸಾಮಾನ್ಯವಾಗಿ ಕಾಣೋದು ಆ ಜೀನಿನ 725ನೇ ಜಾಗದಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗು ಬಾಂಬೆ ಗುಂಪು. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗೋ ಪದ್ಧತಿ ಇರೋ ಕಡೆ, ಒಂದೇ ಅಜ್ಜಿಯಿಂದ ಬಂದ ಪ್ರತಿ ಎರಡೂ ಕಡೆಯಿಂದ ಸೇರೋ ಸಾಧ್ಯತೆ ಜಾಸ್ತಿ. ಯುರೋಪಿನಲ್ಲಿ 10 ಲಕ್ಷಕ್ಕೆ ಒಬ್ಬರು ಅನ್ನೋ ಲೆಕ್ಕ. ಮುಂಬಯಿಯಲ್ಲಿ ಭಾಟಿಯಾ ಮತ್ತು ಸಾಠೆ 1974ರಲ್ಲಿ ಪ್ರಕಟಿಸಿದ ಲೆಕ್ಕ ಸುಮಾರು 7,600ಕ್ಕೆ ಒಬ್ಬರು. ತುಂಬಿದ ಎರಡು ಲೋಕಲ್ ಟ್ರೇನಿಗೆ ಒಬ್ಬರು ಇರಬಹುದು ಅಂದ್ಕೊಳ್ಳಿ.

ಇನ್ನೊಂದು ಮಾತು ಹೇಳಲೇಬೇಕು. ಬಾಂಬೆ ಗುಂಪಿನವರಲ್ಲಿ ಎ ಅಥವಾ ಬಿ ಜೀನು ಅಡಗಿರಬಹುದು. ಗಂಡ 'ಓ', ಹೆಂಡತಿ 'ಓ', ಮಗು ಮಾತ್ರ 'ಬಿ'. ಶಾಲೆಯ ಪುಸ್ತಕ ಇದು ಆಗಲ್ಲ ಅನ್ನುತ್ತೆ. ಹೆಂಡತಿಯ ಮೇಲೆ ಸಂಶಯ ಬೀಳೋಕೆ ಇಷ್ಟು ಸಾಕು. ನಿಜ ಏನಂದ್ರೆ ಗಂಡನ ಆ 'ಓ' ನಿಜವಾದ ಓ ಆಗಿಲ್ಲದೆ ಇರಬಹುದು. ಅಂಥ ಕಡೆ ಜೀನ್ ಪರೀಕ್ಷೆ ರಕ್ತವನ್ನಷ್ಟೇ ಅಲ್ಲ, ಸಂಸಾರವನ್ನೂ ಉಳಿಸುತ್ತೆ.

ಪರೇಲ್‌ನ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1957ರಲ್ಲಿ ಅಲ್ಲಿ ಶುರುವಾದ ರಕ್ತದ ಗುಂಪುಗಳ ಕೇಂದ್ರವೇ ಇವತ್ತಿನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ. 1973ರಲ್ಲಿ ಬಡಕೆರೆ, ಜೋಶಿ, ಭಾಟಿಯಾ ಮೊದಲಾದವರು ಇನ್ನೊಂದು ಹೊಸ ಗುಣವನ್ನು ಗುರುತಿಸಿದರು. ಅದು ಸೇರಿದ ಗುಂಪಿಗೆ 'ಇಂಡಿಯನ್' ಅಂತಲೇ ಹೆಸರು.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. ಕೋಲಾರ ಜಿಲ್ಲೆಯ 38 ವರ್ಷದ ಒಬ್ಬ ಹೆಣ್ಣುಮಗಳು ಹೃದಯದ ಆಪರೇಷನ್‌ಗೆ ಸೇರಿದರು. ಕಾರ್ಡಿನಲ್ಲಿ ಇದ್ದಿದ್ದು 'ಓ ಪಾಸಿಟಿವ್'. ಆದ್ರೆ ಯಾವ ಓ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದವರು ಮನೆಯವರು ಸುಮಾರು 20 ಜನರ ರಕ್ತ ನೋಡಿದರು. ಒಂದೂ ಸರಿಹೋಗಲಿಲ್ಲ. ವೈದ್ಯರು ಎಚ್ಚರಿಕೆಯಿಂದ, ರಕ್ತ ಏರಿಸದೆಯೇ ಆಪರೇಷನ್ ಮುಗಿಸಿದರು. ಸ್ಯಾಂಪಲ್ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಯಿತು, ಸುಮಾರು 10 ತಿಂಗಳು ಸಂಶೋಧನೆ ನಡೆಯಿತು. ಇದು ಬಾಂಬೆ ಗುಂಪಲ್ಲ, ಕ್ರೋಮರ್ ಅನ್ನೋ ಬೇರೆಯೇ ವ್ಯವಸ್ಥೆಗೆ ಸೇರಿದ, ಜಗತ್ತು ಅದುವರೆಗೆ ಕಂಡಿರದ ಗುಣ. 2025ರ ಜೂನ್‌ನಲ್ಲಿ ಅದಕ್ಕೆ 'ಸಿಆರ್‌ಐಬಿ' ಅಂತ ಹೆಸರಿಟ್ಟರು. ಕ್ರೋಮರ್, ಇಂಡಿಯಾ, ಬೆಂಗಳೂರು.

ಪರೇಲ್ ಆಗಲಿ, ಬೆಂಗಳೂರಾಗಲಿ, ಕಾಪಾಡಿದ್ದು ಒಂದೇ: ಹೊಂದದ ಟ್ಯೂಬನ್ನು ತಪ್ಪು ಅಂದ್ಕೊಂಡು ಬಿಟ್ಟುಬಿಡದೆ, ಯಾಕೆ ಹೊಂದಲಿಲ್ಲ ಅಂತ ಕೇಳಿದ ಜನ. ಕಾರ್ಡಿನ ಅಕ್ಷರ ನಾವು ಕೇಳಿದ ಎರಡು ಪ್ರಶ್ನೆಗೆ ಮಾತ್ರ ಉತ್ತರ. ಕೇಳದ ಪ್ರಶ್ನೆಗಳು ಇನ್ನೂ ಬಹಳ ಇವೆ.

ಊರು ಬಿಟ್ಟು ಬಂದ ನಮಗೆ ಇದರಲ್ಲಿ ಒಂದು ಹೆಚ್ಚಿನ ಪಾಠ ಇದೆ. ಬಾಂಬೆ ಗುಂಪಿನವರ ಒಡಹುಟ್ಟಿದವರಲ್ಲಿ ಅದೇ ಗುಂಪು ಇರೋ ಸಾಧ್ಯತೆ ನಾಲ್ಕರಲ್ಲಿ ಒಂದು. ನೀವು ಬದಲಾಪುರದಲ್ಲಿ, ತಮ್ಮ ದಾವಣಗೆರೆಯಲ್ಲಿ, ಅಕ್ಕ ಹುಬ್ಬಳ್ಳಿಯಲ್ಲಿ. ಹಾಗಾಗಿ ಮುಂದಿನ ಸಲ ಸೊಸೈಟಿಯ ಕ್ಯಾಂಪಿನಲ್ಲಿ ರಕ್ತ ಕೊಟ್ಟಾಗ, ಓ ಕಣಗಳ ಜೊತೆ ರಿವರ್ಸ್ ಪರೀಕ್ಷೆ ಮಾಡ್ತೀರಾ ಅಂತ ಕೇಳಿ. ಬಾಂಬೆ ಗುಂಪನ್ನು ಹಿಡಿಯೋದು ಅದೇ. ನಿಮ್ಮದು ಅಪರೂಪದ್ದು ಅಂತ ಗೊತ್ತಾದ್ರೆ ರಕ್ತಕೇಂದ್ರದಲ್ಲಿ ಹೆಸರು ಬರೆಸಿ, ಅವತ್ತೇ ಊರಿಗೆ ಫೋನ್ ಮಾಡಿ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಪರೀಕ್ಷೆ ಮಾಡಿಸೋಕೆ ಹೇಳಿ.